ಹಗೇವಿನ ಗಾಳಿ

ಏಪ್ರಿಲ್ 27, ಭಾನುವಾರ. ವಿಜಯಪುರ

ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿವೆ. ಬೇಸಿಗೆ ಸೂಟಿಯಲ್ಲಿ ಟಿಪ್ಪಣಿ ಕೇಳುವವರಿಲ್ಲ. ತಲೆಯಲ್ಲಿರುವುದನ್ನು ಇದರಲ್ಲೇ ಇಳಿಸುತ್ತೇನೆ. ಅಜಿತನಿಗೆ ಹೇಳಿದರೆ ಟೀವಿ ಬಂದ್ ಮಾಡು ಅನ್ನುತ್ತಾನೆ. ಗಂಡಂದಿರ ಹತ್ತಿರ ಜಗತ್ತಿನ ಎಲ್ಲ ಬೇನೆಗೂ ಒಂದೇ ಔಷಧ.

ಕಾಶ್ಮೀರದಲ್ಲಿ ಪ್ರವಾಸಕ್ಕೆ ಹೋದವರನ್ನು ಕೊಂದು ಐದು ದಿನವಾಯಿತು. ಅಂದಿನಿಂದ ಟೀವಿಯವರು ಮದುವೆ ಮನೆಯವರ ಹಾಗೆ ಓಡಾಡಿ ಯುದ್ಧದ ತಯಾರಿ ನಡೆಸಿದ್ದಾರೆ. ನಿನ್ನೆ ಒಬ್ಬ ಕೋಟು ತೊಟ್ಟವ ನಮ್ಮಲ್ಲಿ ಎಷ್ಟು ಅಣುಬಾಂಬ್, ಅವರಲ್ಲಿ ಎಷ್ಟು ಎಂದು ಕ್ರಿಕೆಟ್ಟಿನ ರನ್ ಹೇಳಿದಂತೆ ಹೇಳಿದ. ನಾನು ಹದಿಮೂರು ವರ್ಷದಿಂದ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಆ ಅಂಕಿಗಳ ಅರ್ಥ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಸಿಟ್ಟು ಬಂದದ್ದು ಅದಕ್ಕೆ.

ಬೇಕೆಂದು ಯುದ್ಧ ಮಾಡುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಯಾರಿಗೂ ಬೇಡವಾಗಿದ್ದರೂ ಆಗಿಬಿಟ್ಟರೆ? ಯಾವುದೋ ಪರದೆಯ ಮೇಲೆ ಒಂದು ತಪ್ಪು ಚುಕ್ಕೆ ಕಾಣುತ್ತದೆ. ನೋಡುತ್ತ ಕೂತವನಿಗೆ ಮೂರು ದಿನದಿಂದ ನಿದ್ದೆಯಿಲ್ಲ, ವಿಚಾರ ಮಾಡಲು ವೇಳೆಯಿಲ್ಲ. ಆ ಕಡೆಯವರು ಬಾಂಬ್ ಒಗೆದರು ಎಂದು ತಿಳಿದು ಈ ಕಡೆಯವರೂ ಒಗೆಯುತ್ತಾರೆ. ಅಲ್ಲಿಂದ ಇಲ್ಲಿಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿದೆ. ಹತ್ತೋ ಹನ್ನೆರಡೋ. ಸುದ್ದಿ ನಮ್ಮ ತನಕ ಬರುವಷ್ಟರಲ್ಲಿ ನಾಲ್ಕು ಉಳಿದರೆ ದೊಡ್ಡದು.

ಮಿತ್ರಾಗೆ ಎಂಟು ವರ್ಷ. ಸೂಟಿಗೆಂದು ಘೋಣಸಗಿಯಲ್ಲಿ ಅಜ್ಜ ಅಜ್ಜಿಯ ಹತ್ತಿರ ಇದ್ದಾಳೆ. ಬರೆದದ್ದನ್ನು ತಿರುಗಿ ಓದಿದರೆ ಹೆದರಿದವಳು ಬರೆದಂತಿದೆ. ಹೆದರಿಲ್ಲ, ಲೆಕ್ಕ ಹಾಕಿದ್ದೇನೆ ಅಷ್ಟೆ.

ಮೇ 1, ಗುರುವಾರ. ಘೋಣಸಗಿ

ಕಾರ್ಮಿಕರ ದಿನದ ಸೂಟಿ. ಅಜಿತನಿಗೆ ತಿಕೋಟಾದ ಕಚೇರಿಯಿಲ್ಲ, ಇಬ್ಬರೂ ನಿನ್ನೆ ಸಂಜೆಯೇ ಇಲ್ಲಿಗೆ ಬಂದೆವು. ಬಸ್ಸಿನಲ್ಲೇ ನನ್ನ ತಲೆಗೆ ಹಗೇವು ಬಂದಿತ್ತು.

ಮದುವೆಯಾಗಿ ಬಂದಾಗಿನಿಂದ ಹಿತ್ತಲಿನಲ್ಲಿ ಅದರ ಚಪ್ಪಡಿಯ ಮೇಲೆ ಬಟ್ಟೆ ಒಗೆಯುತ್ತಿದ್ದೇನೆ. ಕೆಳಗೆ ಇಷ್ಟು ದೊಡ್ಡ ಕುಣಿ ಇದೆಯೆಂದು ಮನಸ್ಸಿಗೆ ತಂದುಕೊಂಡಿರಲಿಲ್ಲ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡಿದ್ದು. ಒಬ್ಬ ಮನುಷ್ಯ ಹಿಡಿಯುವಷ್ಟೇ ಬಾಯಿ, ಕೆಳಗೆ ಕೊಡದ ಹೊಟ್ಟೆಯ ಹಾಗೆ ಅಗಲ, ಎರಡಾಳು ಆಳ, ಸುತ್ತ ಕಲ್ಲು ಕಟ್ಟಿದೆ. ಇದಕ್ಕಿಂತ ಒಳ್ಳೆಯ ಆಸರೆ ಎಲ್ಲಿ ಸಿಗಬೇಕು?

ಈ ಜಾಗ ಮೊದಲು ಈರಯ್ಯನವರದು. ನನ್ನ ಮಾವ ಭಾಗಪ್ಪ ಇಪ್ಪತ್ತು ವರ್ಷ ಅವರ ಮನೆಯಲ್ಲಿ ಕೂಲಿ ಮಾಡಿದವರು. ಹಗೇವು ತೆಗೆದಾಗ ಮೊದಲು ಇಳಿಯುವುದು ನಮ್ಮ ಕೇರಿಯವರ ಪಾಲಿಗೆ ಬರುತ್ತಿತ್ತು. ಒಳಗೆ ಗಾಳಿ ಕೆಟ್ಟಿದ್ದರೆ ಮೊದಲು ಇಳಿದವನಿಗೇ ತಾನೆ ಗೊತ್ತಾಗುವುದು. ಈರಯ್ಯನವರ ಮಕ್ಕಳು ಊರು ಬಿಡುವಾಗ ಮಾವ ಹಟ ಹಿಡಿದು ಈ ಜಾಗವನ್ನೇ ಕೊಂಡರು. ಹಗೇವನ್ನು ಮಾತ್ರ ಒಮ್ಮೆಯೂ ತೆಗೆಸಿರಲಿಲ್ಲ.

ನನಗಾಗಿ ಇಂದು ತೆಗೆದರು. ಬೆಳಿಗ್ಗೆ ಏಳಕ್ಕೆ ಚಪ್ಪಡಿ ಸರಿಸಿದವರು ಮಧ್ಯಾಹ್ನದ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಕಂಬಳಿಯನ್ನು ಬಾಯಿಗೆ ಬೀಸಿ ಬೀಸಿ ಗಾಳಿ ಆಡಿಸಿದರು. ಆಮೇಲೆ ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅರ್ಧ ಆಳಕ್ಕೆ ಆರಿಹೋಯಿತು. ಮತ್ತೆ ಬೀಸಿದರು. ನಾಲ್ಕಕ್ಕೆ ತಳದ ತನಕ ಉರಿಯಿತು. ಆಗಲೇ ಇಳಿದದ್ದು, ಅದೂ ಮೊದಲು ತಾವೇ.

ಕಾಯುವ ಹೊತ್ತಿನಲ್ಲಿ ನಾನು ಸುಮ್ಮನಿರಬೇಕಲ್ಲ, ಇಂಗಾಲದ ಡೈ ಆಕ್ಸೈಡಿನ ಪಾಠ ಮಾಡಿದೆ. ಗಾಳಿಗಿಂತ ಭಾರ, ತಳದಲ್ಲಿ ಕೂಡುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಮಾವ ಮೊದಲನೆಯ ಬೆಂಚಿನ ವಿದ್ಯಾರ್ಥಿಯ ಹಾಗೆ ಕೇಳಿದರು. ನನಗೆ ನೌಕರಿ ಬಂದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದಿಲ್ಲ, ಊರಿನವರು ಟೀಚರಿಗೆ ಅನ್ನುವ ಹಾಗೆ ಅಕ್ಕೋರ ಅನ್ನುತ್ತಾರೆ. ಅರ್ಧ ಚೇಷ್ಟೆ, ಅರ್ಧ ಹೆಮ್ಮೆ.

"ನಮಗ ಅದರ ಹೆಸರ ಗೊತ್ತಿದ್ದಿಲ್ಲ ಅಕ್ಕೋರ," ಅಂದರು. "ಹಗೇವಿನ ಗಾಳಿ ಅಂತಿದ್ವಿ. ನಮ್ಮ ಅಣ್ಣ ಸತ್ತದ್ದು ಅದರಾಗ."

ಅಣ್ಣನೊಬ್ಬ ಇದ್ದನೆಂಬುದೇ ನನಗೆ ತಿಳಿದಿರಲಿಲ್ಲ. ಕೇಳಬೇಕೆಂದೆ, ಆದರೆ ಅಷ್ಟರಲ್ಲಿ ಕಂದೀಲು ತಳ ಮುಟ್ಟಿ ಉರಿಯುತ್ತಿತ್ತು, ನನಗೆ ಅಳತೆ ತೆಗೆದುಕೊಳ್ಳುವ ಅವಸರ.

ಮೇ 4, ಭಾನುವಾರ. ಘೋಣಸಗಿ

ತಳಕ್ಕೆ ಜೋಳದ ಒಣ ದಂಟಿನ ಕಣಿಕೆ ಹಾಸಿ, ಅದರ ಮೇಲೆ ಗೋಣಿಚೀಲ, ಮೇಲೆ ಜಮಖಾನೆ. ನೀರಿನ ಕ್ಯಾನು ಆರು. ಖಡಕ್ ರೊಟ್ಟಿ ನೂರು, ಶೇಂಗಾ ಚಟ್ನಿ, ಬೆಲ್ಲ, ಬ್ಯಾಟರಿ, ಸಣ್ಣ ರೇಡಿಯೋ. ಒಂದು ಚೀಲ ಜೋಳ, ಇರಲಿ ಎಂದು. ಹತ್ತಿ ಇಳಿಯಲು ಗೋಡೆಯಲ್ಲಿ ಬಿಟ್ಟ ಕಾಲುಕಂಡಿಗಳ ಮಣ್ಣನ್ನು ಮಾವ ತೆಗೆದು ಸರಿ ಮಾಡಿದರು.

ತಾಲೀಮು ಮಾಡಿಸಿದೆ. ನಾನು ಸೀಟಿ ಊದಿದ ಕೂಡಲೇ ಎಲ್ಲಿದ್ದರೂ ಓಡಿ ಬಂದು ಇಳಿಯಬೇಕು. ಮೊದಲ ಸಲ ಒಂಬತ್ತು ನಿಮಿಷ. ಎರಡನೆಯ ಸಲ ಆರು. ಮಿತ್ರಾ ನಗುತ್ತಲೇ ಇಳಿದಳು. ಐದನೆಯ ಸಲ ನಗುವುದನ್ನು ಬಿಟ್ಟಳು, ನಾಲ್ಕು ನಿಮಿಷದೊಳಗೆ ಬಂತು. ನನಗೆ ಸಮಾಧಾನವಾಯಿತು.

ಅತ್ತೆ ರುಕ್ಮವ್ವ, ಮಿತ್ರಾಳ ಆಯಿ, ಒಮ್ಮೆಯೂ ಇಳಿಯಲಿಲ್ಲ. ಬೆಂಡೆಕಾಯಿ ಹೆಚ್ಚುತ್ತ ಕೂತವರು ತಲೆ ಕೂಡ ಎತ್ತಲಿಲ್ಲ. ನೆಲದೊಳಗೆ ಹೋಗುವುದು ಹೇಗೂ ಇದ್ದೇ ಇದೆ, ಅದಕ್ಕೆ ಓಡಿ ಬೇರೆ ಹೋಗಬೇಕೇನು ಎಂದರು. ಅಜಿತ ನಕ್ಕ. ಇಂಥದ್ದಕ್ಕೆ ನಗುವವರನ್ನು ಕಂಡರೆ ನನಗೆ ಈಗೀಗ ಮೈ ಉರಿಯುತ್ತದೆ.

ಮೇ 7, ಬುಧವಾರ

ಬೆಳಿಗ್ಗೆ ಎದ್ದರೆ ಆಗಿಹೋಗಿತ್ತು. ನಮ್ಮ ವಿಮಾನಗಳು ಹೊಡೆದಿವೆ. ಅಥಣಿ ರಸ್ತೆಯ ನಮ್ಮ ಓಣಿಯಲ್ಲಿ ಪೇಡೆ ಹಂಚಿದರು. ನಾನು ತೆಗೆದುಕೊಳ್ಳಲಿಲ್ಲ. ದೊಡ್ಡ ಊರುಗಳಲ್ಲಿ ಸೈರನ್ ಊದಿ ತಾಲೀಮು ಮಾಡಿಸುತ್ತಿದ್ದಾರೆ. ನಾನು ಮೂರು ದಿನ ಮೊದಲೇ ಮಾಡಿಸಿದ್ದೆ.

ಹತ್ತರ ಬಸ್ಸಿಗೆ ಘೋಣಸಗಿಗೆ ಹೋದೆ. ಬಾಂಬಿಗಿಂತ ಅದರ ಬೂದಿಯ ಧೂಳು ಕೆಟ್ಟದ್ದು, ಒಂದು ಕಣವೂ ಒಳಗೆ ಹೋಗಬಾರದು. ಮಾವನಿಂದ ಚಪ್ಪಡಿ ಮುಚ್ಚಿಸಿ, ಸಂದಿಗೆಲ್ಲ ಮಣ್ಣು ಮೆತ್ತಿಸಿ, ಮೇಲೆ ತಾಡಪತ್ರಿ ಹೊದಿಸಿ ಹಗ್ಗದಿಂದ ಬಿಗಿಸಿದೆ. ಹೊಸ ಕಣಿಕೆ ಹಾಕಿದ್ದೇವೆ, ಕಾಳಿನ ಚೀಲವಿದೆ, ಇಷ್ಟು ಬಿಗಿದರೆ ಒಳಗೆ ಗಾಳಿ ಕೆಡುತ್ತದೆ ಎಂದು ಮಾವ ತಕರಾರು ತೆಗೆದರು. ಒಂದು ಚೀಲ ಕಾಳಿಗೆ ಏನೂ ಆಗುವುದಿಲ್ಲ ಎಂದೆ. ಅವರು ಮತ್ತೆ ಬಾಯಿ ತೆರೆದರು. ನಾನು ಓದಿದವಳೋ ನೀವೋ ಎಂದು ಕೇಳಿಬಿಟ್ಟೆ. ಮಾವ ನಕ್ಕು ಹಗ್ಗ ಬಿಗಿದರು. ಸರಿಯಾಗಿ ಕೇಳಿದೆ ಅನ್ನಿಸುತ್ತದೆ, ಇದು ಮಾತು ಬೆಳೆಸುವ ಹೊತ್ತಲ್ಲ.

ಮೇ 8, ಗುರುವಾರ. ವಿಜಯಪುರ

ಬಬಲೇಶ್ವರದಲ್ಲಿ ಇಂದಿನಿಂದ ವಿಶೇಷ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರಿಗೆ ಎರಡನೆಯ ಪರೀಕ್ಷೆ ಹತ್ತಿರ ಬಂದಿದೆ. ಹದಿನೇಳು ಮಂದಿ ಬಂದಿದ್ದರು. ವಿದ್ಯುತ್ತಿನ ಪಾಠ ಶುರು ಮಾಡಿದವಳು ಬಿಟ್ಟು, ಬೆಂಚಿನ ಕೆಳಗೆ ಹೇಗೆ ಅಡಗಬೇಕೆಂದು ಒಂದು ತಾಸು ಕಲಿಸಿದೆ. ಒಬ್ಬ ಹುಡುಗಿ ಅಳಲು ಶುರು ಮಾಡಿದಳು. ಹೆಡ್‌ಮಾಸ್ತರ್ ಸಿದ್ದಲಿಂಗೇಶ ಸರ್ ಹೊರಗೆ ಕರೆದು, ಇವರನ್ನು ಮೊದಲು ಪಾಸು ಮಾಡಿಸೋಣ ಟೀಚರ್, ಆಮೇಲೆ ಬದುಕಿಸೋಣ ಎಂದರು. ಇಂಥವರ ಕೈಯಲ್ಲಿ ಸಾಲಿಗಳಿವೆ.

ಮಿತ್ರಾ ಫೋನು ಮಾಡಿದಳು. ವಿಜಯಪುರಕ್ಕೆ ಬರುತ್ತಾಳಂತೆ, ನನ್ನ ಹತ್ತಿರ ಮಲಗಬೇಕಂತೆ. ಪಟ್ಟಣದಲ್ಲಿ ರೈಲು, ಸೈನಿಕ ಶಾಲೆ, ಬಾಂಬಿಗೆ ಗುರಿಯಾಗುವಂಥವು ಎಲ್ಲ ಇವೆ, ಅಲ್ಲೇ ಇರು ಎಂದೆ. ನಿನಗೆ ಹಗೇವು ಇದೆಯಲ್ಲ, ನನಗೆ ಅದೂ ಇಲ್ಲ ಎಂದೆ. ಅಳುವುದನ್ನು ಕೇಳಲಾಗದೆ ಫೋನು ಇಟ್ಟೆ. ಅವಳು ಬದುಕಿದರೆ ಸಾಕು, ನನ್ನನ್ನು ಎಷ್ಟು ಬೈದರೂ ಅಡ್ಡಿಯಿಲ್ಲ.

ಸಂಜೆ ಮಳೆ. ಹೊರಗೆ ಒಗೆದ ಬಟ್ಟೆಯೆಲ್ಲ ತೊಯ್ದುಹೋಯಿತು.

ಮೇ 9, ಶುಕ್ರವಾರ

ಡ್ರೋನು, ಕ್ಷಿಪಣಿ, ಎರಡೂ ಕಡೆಯಿಂದ. ಊಟ ಸೇರುತ್ತಿಲ್ಲ.

ಘೋಣಸಗಿಯಲ್ಲೂ ಮಳೆಯಂತೆ. ಹಗೇವಿನೊಳಗೆ ನೀರು ಇಳಿದಂತಿದೆ, ತೆಗೆದು ಕಣಿಕೆ ಒಣಗಿಸೋಣವೇ ಎಂದು ಮಾವ ಕೇಳಿದರು. ಈಗ ತೆಗೆಯಬಾರದು ಎಂದೆ. ಮುಟ್ಟಬೇಡಿ ಎಂದೆ. ಹೂಂ ಅಂದರು.

ಮೇ 10

ಮಾವ

ಮೇ 12, ಸೋಮವಾರ. ಘೋಣಸಗಿ

ಬುದ್ಧ ಪೂರ್ಣಿಮೆ. ನಮ್ಮ ಮನೆಯಲ್ಲಿ ಖೀರು ಮಾಡಲಿಲ್ಲ. ವಿಹಾರದಿಂದ ಬಿಳಿ ಬಟ್ಟೆಯವರು ಬಂದು ಕೂತು ಹೋದರು. ಎಲ್ಲರೂ ನನಗೆ ಧೈರ್ಯ ಹೇಳಿದರು. ನನಗೆ.

ಮೇ 14, ಬುಧವಾರ. ಘೋಣಸಗಿ

ಬರೆಯದಿದ್ದರೆ ನಾನು ಇದನ್ನೂ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಾಗಿದೆ.

ಶನಿವಾರ ತರಗತಿ ಮುಗಿಸಿ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಐದೂ ನಲವತ್ತಕ್ಕೆ ಶಿಕ್ಷಕರ ವಾಟ್ಸಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಕ್ಷಿಪಣಿ ಹಾರಿದೆ, ದಕ್ಷಿಣಕ್ಕೆ ಬರುತ್ತಿದೆ, ಅಣುಬಾಂಬ್ ಇರಬಹುದು, ಆಸರೆ ಇದ್ದವರು ತಕ್ಷಣ ಸೇರಿಕೊಳ್ಳಿ. ಕಳಿಸಿದವರು ರಾಜೇಶ್ವರಿ ಟೀಚರ್, ಗಣಿತದವರು, ಚಹಾಕ್ಕೆ ಸಕ್ಕರೆಯನ್ನೂ ಅಳೆದು ಹಾಕುವವರು. ಅವರು ಸುಳ್ಳು ಕಳಿಸುತ್ತಾರೆಯೇ? ಓದುತ್ತಿದ್ದಂತೆ ಉತ್ತರಕ್ಕೆ, ತಿಕೋಟಾದ ಕಡೆ, ಆಕಾಶ ಒಮ್ಮೆ ಬೆಳ್ಳಗಾಯಿತು. ನಿಲ್ದಾಣದ ಫ್ಯಾನುಗಳು ನಿಂತವು. ಆಮೇಲೆ ಸಪ್ಪಳ ಬಂತು. ಮೋಡವಿತ್ತು, ಎರಡು ದಿನದಿಂದ ಮಳೆಯಿತ್ತು, ಎದುರಿಗೆ ಕೂತ ಮುದುಕಿ ತಲೆಗೆ ಸೆರಗು ಹೊದ್ದು ಮಳೆ ಬಂತು ಅಂದಳು. ನನ್ನ ಕಿವಿಗೂ ಬಿತ್ತು. ಒಂದು ಉಪಕರಣ ತಪ್ಪು ತೋರಿಸಬಹುದು, ಎರಡೂ ಒಂದೇ ಮಾತು ಹೇಳಿದರೆ ನಂಬಬೇಕು ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ. ಎರಡೂ ಹೇಳಿದವು, ನಂಬಿದೆ.

ಮೂರನೆಯ ಸಲಕ್ಕೆ ಫೋನು ಹತ್ತಿತು. ಮಾವ ಎತ್ತಿದರು.

"ಮಾವಾರ, ಬಾಂಬ್ ಬರಾಕತ್ತೈತಿ. ಮಿತ್ರಾನ ಕರಕೊಂಡು ಈಗಿಂದೀಗ ಇಳೀರಿ."

"ಒಳಗ ನೀರ ಹೋಗೇತಿ ಅಕ್ಕೋರ. ಬಿಗಿದು ಮೂರ ದಿನ ಆತು. ಕಂದೀಲ ಬಿಟ್ಟ ನೋಡತೀನಿ."

"ನೋಡಾಕ ವ್ಯಾಳ್ಯಾ ಇಲ್ಲರಿ. ನಾಲ್ಕ ನಿಮಿಷ ಅದಾವ. ನಾ ಹೇಳಾಕತ್ತೇನಿ, ಇಳೀರಿ."

ನಾನು ಮತ್ತೆ ಕೂಗಲು ಬಾಯಿ ತೆರೆದಿದ್ದೆ.

"ಆತು ಅಕ್ಕೋರ," ಅಂದರು.

ಮುಂದಿನದು ಅತ್ತೆ ಹೇಳಿದ್ದು. ಮಾವ ಕುಡುಗೋಲಿನಿಂದ ಹಗ್ಗ ಕೊಯ್ದು ತಾಡಪತ್ರಿ ಎಳೆದು ಹಾಕಿದರಂತೆ, ಪಕ್ಕದ ಮನೆಯ ದಶರಥನನ್ನು ಕರೆದು ಚಪ್ಪಡಿ ಸರಿಸಿದರಂತೆ. ನಾನು ಮೊದಲು ಇಳಿದು ಕೂಗುತ್ತೇನೆ, ಕೂಗಿದ ಮೇಲೆ ಕೂಸನ್ನು ಬಿಡು ಎಂದು ಅತ್ತೆಗೆ ಹೇಳಿ ಕಾಲುಕಂಡಿ ಹಿಡಿದು ಇಳಿದರಂತೆ. ಕಂದೀಲು ಬಿಡಲು ನಾನು ವೇಳೆ ಕೊಟ್ಟಿರಲಿಲ್ಲ. ಅದಕ್ಕೆ ಕಂದೀಲಿನ ಬದಲು ತಾವು ಹೋದರು. ಈರಯ್ಯನವರ ಕೂಲಿಯಲ್ಲಿ ಇಪ್ಪತ್ತು ವರ್ಷ ಏನು ಮಾಡಿ ಬದುಕಿ ಬಂದರೋ ಅದನ್ನೇ ತಮ್ಮ ಸ್ವಂತ ಹಿತ್ತಲಿನಲ್ಲಿ, ಸೊಸೆಯ ಮಾತಿಗೆ ಮಾಡಿದರು.

ಅವರು ಕೂಗಲಿಲ್ಲ. ಏನೋ ಬಿದ್ದ ಸಪ್ಪಳವಾಯಿತಂತೆ. ಅತ್ತೆ ಮಿತ್ರಾಳ ಕೈ ಹಿಡಿದುಕೊಂಡರು. ಮಿತ್ರಾ ಬಿಡು ಬಿಡು ಎಂದು ಜಗ್ಗಾಡಿದಳು, ಅವ್ವ ಹೇಳಿದ್ದಾಳೆ, ನಾಲ್ಕು ನಿಮಿಷ ಮುಗಿಯುತ್ತದೆ ಎಂದಳು. ಅತ್ತೆ ಬಿಡಲಿಲ್ಲ. ನನ್ನ ಮಗಳು ಅಜ್ಜಿಯ ಕೈ ಕಚ್ಚಿದಳು. ಅಷ್ಟು ಚೆನ್ನಾಗಿ ಕಲಿಸಿದ್ದೆ ನಾನು. ಹಲ್ಲಿನ ಗುರುತಿಗೆ ಈಗ ಪಟ್ಟಿ ಕಟ್ಟಿದ್ದಾರೆ. ಆ ಕೈ ಸ್ವಲ್ಪ ಸಡಿಲಾಗಿದ್ದರೆ ಮಿತ್ರಾ ಕೂಡ ಒಳಗೆ ಇರುತ್ತಿದ್ದಳು.

ದಶರಥ ಟವೆಲ್ಲು ತೊಯಿಸಿ ಮುಖಕ್ಕೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಉಸಿರು ಹಿಡಿದು ಇಳಿದು ಮಾವನ ತೋಳಿಗೆ ಇನ್ನೊಂದು ಹಗ್ಗ ಹಾಕಿದ. ಓಣಿಯವರೆಲ್ಲ ಸೇರಿ ಎಳೆದರು. ತಿಕೋಟಾಕ್ಕೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಅಷ್ಟೊತ್ತಿಗೆ ನಾನು ಬಸ್ಸಿನಲ್ಲಿದ್ದೆ. ಎರಡೂ ದೇಶಗಳು ಐದು ಗಂಟೆಗೇ ಹೊಡೆದಾಟ ನಿಲ್ಲಿಸಿವೆ ಎಂದು ಕಂಡಕ್ಟರ್ ಮೊಬೈಲು ನೋಡಿ ಜೋರಾಗಿ ಓದಿದ. ಜನ ಚಪ್ಪಾಳೆ ತಟ್ಟಿದರು. ಗುಂಪು ತೆರೆದು ನೋಡಿದರೆ ರಾಜೇಶ್ವರಿ ಟೀಚರ್ ತಮ್ಮ ಸಂದೇಶ ಅಳಿಸಿದ್ದರು, ಸ್ವಾರಿ ಎಂದು ಕೈಮುಗಿದ ಚಿತ್ರ ಹಾಕಿದ್ದರು. ನಾನು ನಕ್ಕೆ. ಪಕ್ಕದ ಹೆಂಗಸಿನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಮೇಲೆ ಬರ್ರಿ ಎಂದು ಹೇಳಲು ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಒಳಗೆ ರೇಂಜು ಸಿಗುವುದಿಲ್ಲ ಎಂದುಕೊಂಡೆ.

ಪೊಲೀಸರಿಗೆ ಅತ್ತೆ ಹೇಳಿದ್ದೇ ಬೇರೆ. ತೊಯ್ದ ಜೋಳ ತೆಗೆಯಲು ತಾವಾಗಿಯೇ ಇಳಿದರು ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು. ಅಜಿತ ನನ್ನ ಮುಖ ನೋಡಿದ. ಅವನಿಗೆ ಗೊತ್ತು, ಮಾವನ ಫೋನಿನಲ್ಲಿ ಕೊನೆಯ ಕರೆ ನನ್ನದು. ನಾನೂ ಸುಮ್ಮನಿದ್ದೆ.

ಇಂದು ಅತ್ತೆಯ ಹತ್ತಿರ ಕೂತು ಎಲ್ಲ ಹೇಳಿದೆ. ಸಂದೇಶ, ಮಿಂಚು, ಫ್ಯಾನು. ನಾನು ಮಿತ್ರಾಳನ್ನು ಉಳಿಸಲು ಮಾಡಿದೆ, ಬಾಂಬ್ ಬರುತ್ತದೆಂದು ನಿಜವಾಗಿ ನಂಬಿದ್ದೆ ಎಂದೆ. ಅವರು ಅಳುತ್ತಿರಲಿಲ್ಲ. ಗಂಡನ ಧೋತರ ಮಡಚುತ್ತಿದ್ದರು.

"ನಿಮ್ಮ ಮಾವ ಬಾಂಬಿಗೆ ಅಂಜಿ ಇಳದಿಲ್ಲ ಬೇ," ಅಂದರು. "ನಿನ್ನ ಮಾತ ತಗದ ಹಾಕಬಾರದಂತ ಇಳದಾನ."

ಮೇ 16, ಶುಕ್ರವಾರ

ಠಾಣೆಗೆ ಹೋಗಿದ್ದೆ. ಫೋನು ಮಾಡಿ ಇಳಿಸಿದವಳು ನಾನು, ಹಾಗೆಂದು ಬರೆದುಕೊಳ್ಳಿ ಎಂದೆ. ಬರೆಯುವವರು ಪೆನ್ನು ಕೆಳಗಿಟ್ಟು ನನಗೆ ನೀರು ಕೊಡಿಸಿದರು. ಅಂದು ಅಂಥ ಸುದ್ದಿ ಯಾರಿಗೆ ಬಂದಿಲ್ಲ ಹೇಳ್ರಿ ಟೀಚರ್, ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಮನೆಗೆ ಹೋಗ್ರಿ ಎಂದರು. ಕಾಗದದಲ್ಲಿ ಆಕಸ್ಮಿಕ ಎಂದು ಬರೆದಾಗಿದೆ.

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ರಾಜೇಶ್ವರಿ ಟೀಚರ ಮನಸ್ಸಿನಲ್ಲೂ ಇರಲಿಲ್ಲ, ಅವರಿಗೆ ಕಳಿಸಿದವರ ಮನಸ್ಸಿನಲ್ಲೂ ಇದ್ದಿರಲಾರದು. ನನಗೆ ಶಿಕ್ಷೆ ಬೇಕಾಗಿದೆ, ಕೊಡುವವರು ಸಿಗುತ್ತಿಲ್ಲ.

ಮೇ 19, ಸೋಮವಾರ. ಘೋಣಸಗಿ

ಅಜಿತ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ಹಗೇವು ತುಂಬಿಸಿದ. ರೊಟ್ಟಿ, ರೇಡಿಯೋ, ಜಮಖಾನೆ, ಯಾವುದನ್ನೂ ಮೇಲೆ ತೆಗೆಯಲಿಲ್ಲ. ನನ್ನ ಜೊತೆ ಅವನು ಮಾತಾಡುತ್ತಾನೆ, ಊಟ ಆಯಿತೇ, ಬಸ್ಸು ಎಷ್ಟಕ್ಕೆ, ಅಷ್ಟು. ನಾಳೆ ನಾನು ವಿಜಯಪುರಕ್ಕೆ ಹೋಗಬೇಕು, ಮಿತ್ರಾಳನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅವಳ ಬಟ್ಟೆ ಚೀಲಕ್ಕೆ ತುಂಬಿದ್ದೆ.

ಮಧ್ಯಾಹ್ನ ಮೂರಕ್ಕೆ ಗುಡುಗಿತು. ತಿರುಗಿ ನೋಡಿದರೆ ಮಿತ್ರಾ ಇಲ್ಲ. ಮಂಚದ ಕೆಳಗೆ ತಲೆಯ ಕಡೆಯ ಗೋಡೆಗೆ ಒತ್ತಿಕೊಂಡು, ನಾನು ಕಲಿಸಿದ ಹಾಗೆ ಎರಡೂ ಕಿವಿ ಮುಚ್ಚಿ, ಬಾಯಿ ತೆರೆದು ಕೂತಿದ್ದಳು. ನಾನು ನೆಲಕ್ಕೆ ಬೋರಲು ಮಲಗಿ ಕೈ ಚಾಚಿದೆ.

"ಅದು ಗುಡುಗ, ಮಿತ್ರಾ. ಮಳಿ ಬರಾಕತ್ತೈತಿ. ಏನೂ ಆಗೂದಿಲ್ಲ, ಹೊರಗ ಬಾ."

ಕಿವಿಯ ಮೇಲಿನ ಕೈ ತೆಗೆದು ನನ್ನನ್ನು ನೋಡಿದಳು. ನಾನು ಹೇಳಿದ್ದನ್ನು ಕೇಳಿದಳು, ತೂಗಿ ನೋಡಿದಳು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

"ನೀ ಹೇಳಬ್ಯಾಡ," ಅಂದಳು. "ಆಯಿ ಹೇಳಲಿ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಒಂದೇ ಸಲ "ಬಾ" ಅಂದರು, ಸಣ್ಣಗೆ. ಮಿತ್ರಾ ಮಂಚದ ಆ ಬದಿಯಿಂದ ಹೊರಗೆ ಬಂದು ಅಜ್ಜಿಯ ಹತ್ತಿರ ಹೋದಳು. ನಾನು ಈ ಬದಿಯಲ್ಲಿ ಕೈ ಚಾಚಿ ಮಲಗಿದ್ದೆ.